ಹಳೆಯ ವ್ಯಾನಿನ ಕವಾಟಶ್ರೇಣಿ: ಮೂಲ ಬಿಡಿಭಾಗಗಳೂ ಪರ್ಯಾಯ ಬಿಡಿಭಾಗಗಳೂ

ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಮೋಟಾರು ಎಂಜಿನಿನ ಬಿಡಿಭಾಗಗಳ ಚರ್ಚೆಗೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದುದರಿಂದ ಈ ಲೇಖನ ಹುಟ್ಟಿದ ಸಂದರ್ಭವನ್ನು ಮೊದಲು ನಿವೇದಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಶಾಸನಗಳ ಅಚ್ಚು ತೆಗೆಯಲೆಂದು ವಿದ್ಯಾರ್ಥಿಗಳೊಡನೆ ಹೊರಟಿದ್ದಾಗ ನಮ್ಮನ್ನು ಹೊತ್ತ ಹಳೆಯ ಡೀಸೆಲ್ ವ್ಯಾನು ದಾರಿಯಲ್ಲಿಯೇ ನಿಂತಿತು. ರಾಕರ್ ಮುರಿದಿತ್ತು. ಹತ್ತಿರದ ಊರಿನ ಮೇಸ್ತ್ರಿಯು ಎರಡು ರಾಕರುಗಳನ್ನು ತಂದು ಮುಂದಿಟ್ಟು, "ಇದು ಕಂಪನಿ ಮಾಲು, ಇದು ಲೋಕಲ್ ಮಾಲು. ಯಾವುದು ಹಾಕಲಿ ಸಾರ್?" ಎಂದು ಕೇಳಿದನು. ಒಂದು ಅಚ್ಚುಕಟ್ಟಾದ ಪೆಟ್ಟಿಗೆಯಲ್ಲಿತ್ತು; ಇನ್ನೊಂದನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿದ್ದರು. ನಾವು ಪೆಟ್ಟಿಗೆಯದನ್ನೇ ಆರಿಸಿದೆವು. ಅದು ಒಂದು ತಿಂಗಳು ಬಾಳಲಿಲ್ಲ. ಪೆಟ್ಟಿಗೆಯ ಮೇಲಿನ ಮುದ್ರೆಯನ್ನು ನಂಬಿ ಒಳಗಿನ ವಸ್ತುವನ್ನು ಪರೀಕ್ಷಿಸದೆ ಹೋದದ್ದು ನಮ್ಮ ತಪ್ಪು. ತಾಮ್ರಪಟವೊಂದನ್ನು ಹೀಗೆ ಓದುವ ವಿದ್ಯಾರ್ಥಿಗೆ ನಾವು ಅಂಕ ಕೊಡುತ್ತಿರಲಿಲ್ಲ.

ಮೂಲವಾವುದು, ಪ್ರತಿಯಾವುದು, ಒಳ್ಳೆಯ ಪ್ರತಿಯಾವುದು, ಕೂಟವಾವುದು ಎಂಬ ಪ್ರಶ್ನೆಗಳು ಇತಿಹಾಸಕಾರನ ನಿತ್ಯದ ಪ್ರಶ್ನೆಗಳು. ಅವನ್ನೇ ಯಂತ್ರದ ಬಿಡಿಭಾಗಕ್ಕೆ ಅನ್ವಯಿಸಿದರೆ ಏನು ದೊರೆಯುವುದೆಂಬುದನ್ನು ಇಲ್ಲಿ ವಿವೇಚಿಸಿದ್ದೇವೆ. ಇದಕ್ಕಾಗಿ ಆರಿಸಿಕೊಂಡ ಉದಾಹರಣೆ ಜರ್ಮನಿಯ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್ ಎಂಬ ವ್ಯಾನು. ಹಳೆಯ ವ್ಯಾನುಗಳಲ್ಲಿ ಇದರಷ್ಟು ಬರಹಕ್ಕೆ ಒಳಗಾದುದು, ಇದರಷ್ಟು ಪರ್ಯಾಯ ಬಿಡಿಭಾಗಗಳನ್ನು ಕಂಡುದು ವಿರಳ.

1. ವಾಹನವೂ ಅದರ ಕಾಲವೂ

1947ರ ಏಪ್ರಿಲ್ 23ರಂದು ಡಚ್ ವರ್ತಕ ಬೆನ್ ಪಾನ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯಾಕಾರದ ಒಂದು ವಾಹನದ ರೇಖಾಚಿತ್ರವನ್ನು ಬರೆದನು. ಎಂಜಿನು ಹಿಂದೆ, ಚಾಲಕ ಮುಂದೆ, ನಡುವೆ ಸರಕು ಎಂಬುದೇ ಅದರ ಕಲ್ಪನೆ. 1950ರ ಮಾರ್ಚ್ ತಿಂಗಳಲ್ಲಿ ವೋಲ್ಫ್ಸ್‌ಬರ್ಗ್ ಕಾರ್ಖಾನೆಯಲ್ಲಿ ಇದರ ತಯಾರಿಕೆ ಮೊದಲಾಯಿತು. 1956ರಲ್ಲಿ ಅದು ಹ್ಯಾನೋವರಿಗೆ ವರ್ಗವಾಯಿತು. 1967ರಲ್ಲಿ ಎರಡನೆಯ ಮಾದರಿ ಬಂದಿತು. ಜರ್ಮನಿಯಲ್ಲಿ ಈ ಎರಡನೆಯ ಮಾದರಿಯು 1979ರಲ್ಲಿ ನಿಂತಿತಾದರೂ ಬ್ರೆಜಿಲ್ ದೇಶದಲ್ಲಿ ಕೊಂಬಿ ಎಂಬ ಹೆಸರಿನಿಂದ 2013ರ ಡಿಸೆಂಬರಿನವರೆಗೂ ತಯಾರಾಗುತ್ತಿದ್ದಿತು. ಅಲ್ಲಿಯೂ ಗಾಳಿಯಿಂದ ತಂಪಾಗುವ ಎಂಜಿನು 2005ರ ಕೊನೆಗೆ ಕೊನೆಗೊಂಡು, ನೀರಿನಿಂದ ತಂಪಾಗುವ ಎಂಜಿನು ಅದರ ಸ್ಥಾನಕ್ಕೆ ಬಂದಿತು. ಇದೇ ಎಂಜಿನನ್ನು ಹೊತ್ತ ಬೀಟಲ್ ಕಾರಿನ ತಯಾರಿಕೆಯು ಮೆಕ್ಸಿಕೋದ ಪುಯೆಬ್ಲಾ ನಗರದಲ್ಲಿ 2003ರ ಜುಲೈ 30ರಂದು ನಿಂತಿತ್ತು.

ಈ ಕೊನೆಯ ಎರಡು ವರ್ಷಗಳನ್ನು ವಾಚಕರು ನೆನಪಿನಲ್ಲಿಡಬೇಕು. ಹೊಸ ಎಂಜಿನು ತಯಾರಾಗುತ್ತಿರುವಷ್ಟು ಕಾಲ ಬಿಡಿಭಾಗಗಳಿಗೆ ಕಾರ್ಖಾನೆಯೇ ದೊಡ್ಡ ಗಿರಾಕಿ. ಅದರ ಅಳತೆ, ಅದರ ಪರೀಕ್ಷೆ, ಅದರ ತಿರಸ್ಕಾರ ಇವು ಎಲ್ಲ ಸರಬರಾಜುದಾರರನ್ನೂ ಹದ್ದಿನಲ್ಲಿಡುತ್ತವೆ. ಆ ಗಿರಾಕಿ ಮರೆಯಾದ ಮೇಲೆ ಉಳಿಯುವವರು ಹಳೆಯ ವಾಹನದ ಒಡೆಯರು ಮಾತ್ರ. ಒಬ್ಬೊಬ್ಬರಾಗಿ ಕೊಳ್ಳುವ ಇವರಿಗೆ ಮಾಲನ್ನು ಹಿಂದಕ್ಕೆ ಕಳುಹಿಸುವ ಬಲ ಕಡಮೆ.

ನಮ್ಮ ದೇಶಕ್ಕೂ ಈ ಎಂಜಿನಿಗೂ ಒಂದು ದೂರದ ನಂಟಿದೆ. ಹ್ಯಾಂಬರ್ಗಿನ ವಿಡಾಲ್ ಮತ್ತು ಪುತ್ರರ ಟೆಂಪೋ ಕಾರ್ಖಾನೆಯು 1949ರಲ್ಲಿ ಹೊರತಂದ ಮೊದಲ ಮಟಡೋರ್ ವ್ಯಾನಿಗೆ ಅಳವಡಿಸಿದ್ದುದು ಫೋಕ್ಸ್‌ವ್ಯಾಗನ್ ಎಂಜಿನನ್ನೇ. 1952ರಲ್ಲಿ ಆ ಸರಬರಾಜು ನಿಂತ ಮೇಲೆ ಬೇರೆ ಎಂಜಿನುಗಳು ಬಂದವು. ಮಟಡೋರ್ ಎಂಬ ಆ ಹೆಸರು ಬಜಾಜ್ ಟೆಂಪೋ ಸಂಸ್ಥೆಯ ಮೂಲಕ ನಮ್ಮ ರಸ್ತೆಗಳಿಗೆ ಬಂದು ಮನೆಮಾತಾಯಿತು.

2. ಕವಾಟಶ್ರೇಣಿ ಎಂದರೇನು

ಎಂಜಿನಿನ ಉರುಳೆಯೊಳಗೆ ಇಂಧನ ಬೆರೆತ ಗಾಳಿಯನ್ನು ಬಿಡುವ, ಸುಟ್ಟ ಹೊಗೆಯನ್ನು ಹೊರಗಟ್ಟುವ ಬಾಗಿಲುಗಳೇ ಕವಾಟಗಳು; ಗ್ಯಾರೇಜಿನವರು ಇವನ್ನು ವಾಲ್ವ್ ಎನ್ನುತ್ತಾರೆ. ನಾಲ್ಕು ಉರುಳೆಗಳ ಈ ಎಂಜಿನಿನಲ್ಲಿ ಎಂಟು ಕವಾಟಗಳಿವೆ. ಇವನ್ನು ತಕ್ಕ ಸಮಯಕ್ಕೆ ತೆರೆದು ಮುಚ್ಚುವ ಭಾಗಗಳ ಸಾಲಿಗೆ ಕವಾಟಶ್ರೇಣಿ ಎಂದು ಹೆಸರಿಡಬಹುದು. ಕ್ಯಾಮ್‌ಶಾಫ್ಟಿನ ಉಬ್ಬು ಟ್ಯಾಪೆಟ್ಟನ್ನು ತಳ್ಳುತ್ತದೆ. ಟ್ಯಾಪೆಟ್ ಪುಷ್‌ರಾಡನ್ನು ತಳ್ಳುತ್ತದೆ. ಪುಷ್‌ರಾಡ್ ರಾಕರಿನ ಒಂದು ತುದಿಯನ್ನು ಒತ್ತಲು, ಏತದ ಮರದಂತೆ ಅದರ ಇನ್ನೊಂದು ತುದಿ ಬಾಗಿ ಕವಾಟವನ್ನು ತೆರೆಯುತ್ತದೆ. ಸ್ಪ್ರಿಂಗು ಅದನ್ನು ಮುಚ್ಚುತ್ತದೆ.

ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ಕವಾಟವೂ ಒಮ್ಮೆ ತೆರೆದು ಮುಚ್ಚುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಇದು ಸೆಕೆಂಡಿಗೆ 25 ಬಾರಿ, ಗಂಟೆಗೆ 90,000 ಬಾರಿ. ಲೋಹದ ಒಂದು ಅಲ್ಪ ದೋಷವು ಎಷ್ಟು ಬೇಗ ದೊಡ್ಡದಾಗಬಲ್ಲದೆಂಬುದನ್ನು ಈ ಲೆಕ್ಕವೇ ತಿಳಿಸುತ್ತದೆ.

ಈ ಶ್ರೇಣಿಯಲ್ಲಿ ಬೇಕೆಂದೇ ಬಿಟ್ಟಿರುವ ಒಂದು ಎಡೆಯುಂಟು. 1600 ಸಿ.ಸಿ. ಎಂಜಿನು ತಣ್ಣಗಿರುವಾಗ ರಾಕರಿಗೂ ಕವಾಟದ ತುದಿಗೂ ನಡುವೆ 0.15 ಮಿಲಿಮೀಟರ್ ಎಡೆ ಇರಬೇಕು. ಎಡೆ ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ. ಎಡೆ ಇಲ್ಲವಾದರೆ ಸದ್ದು ಬರುವುದಿಲ್ಲ; ಆದರೆ ಕವಾಟ ಪೂರ್ತಿಯಾಗಿ ಮುಚ್ಚುವುದಿಲ್ಲ. ಹೊಗೆಯ ಕವಾಟವು ತನ್ನ ಶಾಖದ ಬಹುಭಾಗವನ್ನು ಮುಚ್ಚಿರುವಾಗ ತನ್ನ ಪೀಠದ ಮೂಲಕವೇ ಬಿಟ್ಟುಕೊಡಬೇಕು. ಪೀಠವನ್ನು ಮುಟ್ಟದ ಕವಾಟ ಉರಿದುಹೋಗುತ್ತದೆ, ಇಲ್ಲವೆ ಅದರ ತಲೆ ಕಳಚಿ ಉರುಳೆಯೊಳಕ್ಕೆ ಬೀಳುತ್ತದೆ. ಹೀಗಾಗಿ ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದಿಲ್ಲದ ಟ್ಯಾಪೆಟ್ಟೇ ಹೆಚ್ಚು ಅಪಾಯಕರವೆಂದು ಹಳೆಯ ಮೇಸ್ತ್ರಿಗಳು ಹೇಳುವ ಮಾತಿನಲ್ಲಿ ಅನುಭವದ ಸತ್ಯವಿದೆ.

ಈ ಅಪಾಯ ಎಂಟು ಕವಾಟಗಳಿಗೂ ಸಮನಾಗಿರಲಿಲ್ಲ. 1971ಕ್ಕೆ ಹಿಂದಿನ ಎಂಜಿನುಗಳಲ್ಲಿ ಎಣ್ಣೆಯನ್ನು ತಂಪುಮಾಡುವ ಕೂಲರು ಮೂರನೆಯ ಉರುಳೆಯ ಕಡೆಗೆ ಹೋಗುವ ಗಾಳಿಗೆ ಅಡ್ಡವಾಗಿ ನಿಂತಿದ್ದಿತು. ಆದುದರಿಂದ ಮೂರನೆಯ ಉರುಳೆಯ ಹೊಗೆಕವಾಟ ಮೊದಲು ಸೋಲುವುದೆಂಬುದು ಜಗತ್ತಿನ ಎಲ್ಲ ದುರಸ್ತಿಗಾರರಿಗೂ ತಿಳಿದ ಸಂಗತಿಯಾಗಿದ್ದಿತು. ಮುಂದೆ ಕಾರ್ಖಾನೆಯು ಕೂಲರನ್ನು ಆ ಹಾದಿಯಿಂದ ಪಕ್ಕಕ್ಕೆ ಸರಿಸಿತು.

3. ಪರ್ಯಾಯ ಬಿಡಿಭಾಗಗಳ ಉದಯ

ಪರ್ಯಾಯ ಬಿಡಿಭಾಗವೆಂದರೆ ಅಗ್ಗದ ನಕಲು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇತಿಹಾಸವು ಇದನ್ನು ಸಮರ್ಥಿಸುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ರಿವರ್‌ಸೈಡ್ ಊರಿನಲ್ಲಿ ಜೋ ವಿಟ್ಟೋನ್ ಎಂಬುವನು ಫೋಕ್ಸ್‌ವ್ಯಾಗನ್ ಮಾರಾಟಗಾರನಾಗಿದ್ದನು. ಕವಾಟದ ದಂಡವನ್ನು ಹಿಡಿದಿಡುವ ಗೈಡ್ ಸವೆದರೆ ಉರುಳೆಯ ತಲೆಯನ್ನೇ ಬದಲಾಯಿಸಬೇಕಾಗುತ್ತಿದ್ದಿತು. ಈ ನಷ್ಟವನ್ನು ಕಂಡು 1950ರ ದಶಕದ ಮಧ್ಯಭಾಗದಲ್ಲಿ ಅವನು ಬದಲಾಯಿಸಬಹುದಾದ ಗೈಡುಗಳನ್ನು ತಯಾರಿಸಿದನು. ಎಂಪಿ ಎಂಬ ಪ್ರಸಿದ್ಧ ಸಂಸ್ಥೆ ಬೆಳೆದುದು ಈ ಬೀಜದಿಂದ. ಎಂದರೆ ಈ ವ್ಯಾಪಾರದ ಮೊದಲ ಮಾಲುಗಳಲ್ಲೊಂದು ಮೂಲದ ನಕಲಾಗಿರಲಿಲ್ಲ. ಮೂಲದ ಕೊರತೆಗೆ ಪರಿಹಾರವಾಗಿತ್ತು.

1969ರಲ್ಲಿ ಜಾನ್ ಮ್ಯೂರ್ ಬರೆದ ದುರಸ್ತಿಯ ಕೈಪಿಡಿಯೊಂದು ಪ್ರಕಟವಾಗಿ, ಯಂತ್ರಜ್ಞಾನವಿಲ್ಲದ ಒಡೆಯನೂ ತನ್ನ ವಾಹನದ ಕವಾಟಗಳ ಎಡೆಯನ್ನು ತಾನೇ ಸರಿಪಡಿಸಬಹುದೆಂಬ ಧೈರ್ಯವನ್ನು ಸಾವಿರಾರು ಜನರಿಗೆ ಕೊಟ್ಟಿತು. ಸ್ವತಃ ದುರಸ್ತಿ ಮಾಡುವವರು ಹೆಚ್ಚಿದಂತೆ ಬಿಡಿಭಾಗಗಳ ಮಾರುಕಟ್ಟೆಯೂ ಬೆಳೆಯಿತು. ಅದರಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು: ಕಾರ್ಖಾನೆಗೆ ಸರಬರಾಜು ಮಾಡುತ್ತಿದ್ದವರೇ ತಮ್ಮ ಹೆಸರಿನಲ್ಲಿ ಮಾರಿದುವು, ಮೂಲಕ್ಕಿಂತ ಬಲವಾದುವೆಂದು ಓಟದ ಕಾರುಗಳಿಗಾಗಿ ರೂಪಿಸಿದುವು, ಕೇವಲ ಅಗ್ಗವಾಗಲೆಂದು ಮಾಡಿದುವು. ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿಬರುವ ಕಂಪನಿ ಮಾಲು, ಲೋಕಲ್ ಮಾಲು ಎಂಬ ಎರಡೇ ವಿಭಾಗಗಳು ಈ ಕಾರಣದಿಂದ ಸಾಲವು.

4. ಭಾಗಗಳ ತುಲನೆ

(ಅ) ಟ್ಯಾಪೆಟ್. ಶ್ರೇಣಿಯಲ್ಲಿ ಅತ್ಯಂತ ಸರಳವಾಗಿ ಕಾಣುವ ಈ ತುಣುಕೇ ಅತ್ಯಂತ ನಿರ್ಣಾಯಕವಾದುದು. ಇದರ ಮುಖ ಸಪಾಟಾಗಿದೆಯೆಂದು ಕಣ್ಣಿಗೆ ತೋರುತ್ತದೆ. ವಾಸ್ತವವಾಗಿ ಅದು ಬಹು ದೊಡ್ಡ ಗೋಲದ ತುಣುಕಿನಂತೆ ಅತ್ಯಲ್ಪವಾಗಿ ಉಬ್ಬಿರಬೇಕು. ಈ ಉಬ್ಬಿನಿಂದಾಗಿ ಟ್ಯಾಪೆಟ್ ಕೆಲಸ ಮಾಡುವಾಗ ತನ್ನ ಸುತ್ತಲೂ ತಾನೇ ತಿರುಗುತ್ತ ಸವೆತವನ್ನು ಹಂಚಿಕೊಳ್ಳುತ್ತದೆ. ಅಗ್ಗದ ಪ್ರತಿಯಲ್ಲಿ ಮುಖವನ್ನು ಸಪಾಟಾಗಿ ಉಜ್ಜಿಬಿಟ್ಟಿದ್ದರೆ ಅದು ತಿರುಗದು. ಒಂದೇ ಗೆರೆಯಲ್ಲಿ ಉಜ್ಜಿ ತಾನೂ ಕೆಟ್ಟು ಕ್ಯಾಮಿನ ಉಬ್ಬನ್ನೂ ಕೆಡಿಸುತ್ತದೆ. ಈ ಎಂಜಿನಿನಲ್ಲಿ ಎದುರುಬದುರಿನ ಎರಡು ಟ್ಯಾಪೆಟ್ಟುಗಳಿಗೆ ಒಂದೇ ಉಬ್ಬು. ಎಂಟು ಕವಾಟಗಳಿಗೆ ನಾಲ್ಕೇ ಉಬ್ಬುಗಳಿರುವುದರಿಂದ ಒಂದು ಟ್ಯಾಪೆಟ್ಟಿನ ದೋಷ ಎರಡು ಕವಾಟಗಳಿಗೆ ತಟ್ಟುತ್ತದೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. 1600 ಸಿ.ಸಿ. ಎಂಜಿನಿನ ಟ್ಯಾಪೆಟ್ಟಿನ ಪಾದ ಅದರ ಮೈಗಿಂತ ಅಗಲವಾಗಿದ್ದು, ಅದನ್ನು ಹೊರಗೆ ತೆಗೆಯಬೇಕಾದರೆ ಎಂಜಿನನ್ನು ವ್ಯಾನಿನಿಂದ ಇಳಿಸಿ ಅದರ ಕ್ರ್ಯಾಂಕ್‌ಕೇಸನ್ನು ಎರಡು ಹೋಳಾಗಿ ಬಿಚ್ಚಬೇಕು. ಟ್ಯಾಪೆಟ್ಟಿನಲ್ಲಿ ಉಳಿಸಿದ ಅಲ್ಪ ಹಣ ಇಡೀ ಎಂಜಿನಿನ ಮರುಜೋಡಣೆಯ ವೆಚ್ಚವಾಗಿ ಹಿಂತಿರುಗುತ್ತದೆ. ಆದುದರಿಂದ ಮಿತವ್ಯಯಕ್ಕೆ ಇದು ಸ್ಥಳವಲ್ಲ. ಹೊಸ ಕ್ಯಾಮ್‌ಶಾಫ್ಟಿಗೆ ಹೊಸ ಟ್ಯಾಪೆಟ್ಟುಗಳನ್ನೇ ಹಾಕಬೇಕೆಂಬ, ಹಳೆಯವನ್ನು ಮತ್ತೆ ಬಳಸುವುದಾದರೆ ಪ್ರತಿಯೊಂದನ್ನೂ ಅದದರ ಹಿಂದಿನ ಸ್ಥಾನಕ್ಕೇ ಸೇರಿಸಬೇಕೆಂಬ ನಿಯಮಗಳೂ ಇಲ್ಲಿ ಕಡ್ಡಾಯ.

ಟ್ಯಾಪೆಟ್ ಕೆಟ್ಟಾಗ ಎಲ್ಲ ತಪ್ಪನ್ನೂ ತಯಾರಕನ ಮೇಲೆ ಹೊರಿಸುವುದು ನ್ಯಾಯವಲ್ಲ. ಹಿಂದಿನ ಎಂಜಿನ್ ಎಣ್ಣೆಗಳಲ್ಲಿ ಸತು ಮತ್ತು ರಂಜಕಗಳ ಸಂಯುಕ್ತವೊಂದು ಹೇರಳವಾಗಿದ್ದು, ಉಜ್ಜುವ ಲೋಹಗಳ ನಡುವೆ ರಕ್ಷಾಪದರವನ್ನು ನಿರ್ಮಿಸುತ್ತಿದ್ದಿತು. ರಂಜಕವು ಹೊಗೆಯನ್ನು ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಹಾನಿಕರವಾದುದರಿಂದ ಅದರ ಪ್ರಮಾಣವನ್ನು ಕ್ರಮೇಣ ಇಳಿಸಲಾಯಿತು. 2004ರಲ್ಲಿ ಬಂದ ಎಸ್.ಎಂ. ದರ್ಜೆಯಲ್ಲಿ ಸಾಮಾನ್ಯ ತೆಳು ಎಣ್ಣೆಗಳಿಗೆ ಅದರ ಮಿತಿ ಶೇಕಡ 0.08 ಎಂದು ನಿಗದಿಯಾಯಿತು. ಮೂಲ ಎಂಜಿನುಗಳ ತಯಾರಿಕೆ ನಿಂತುದೂ ಎಣ್ಣೆ ಬದಲಾದುದೂ ಹೆಚ್ಚು ಕಡಮೆ ಒಂದೇ ಕಾಲದಲ್ಲಿ. ಆ ಕಾಲದ ಟ್ಯಾಪೆಟ್ ಸವೆತಕ್ಕೆ ಲೋಹ ಕಾರಣವೋ ಎಣ್ಣೆ ಕಾರಣವೋ ಎಂಬುದನ್ನು ಪ್ರತಿಯೊಂದು ಪ್ರಸಂಗದಲ್ಲಿಯೂ ಬೇರೆಯಾಗಿ ವಿಚಾರಿಸಬೇಕು. ಒಂದೇ ಕಾಲದಲ್ಲಿ ನಡೆದ ಎರಡು ಸಂಗತಿಗಳಲ್ಲಿ ಒಂದನ್ನು ಮಾತ್ರ ಕಾರಣವೆಂದು ಸಾರುವ ಅವಸರ ಇತಿಹಾಸದಲ್ಲಿಯೂ ಸಲ್ಲದು, ಗ್ಯಾರೇಜಿನಲ್ಲಿಯೂ ಸಲ್ಲದು.

(ಆ) ಪುಷ್‌ರಾಡ್. ಮೂಲದಲ್ಲಿ ಇದು ಉಕ್ಕಿನ ತುದಿಗಳುಳ್ಳ ಅಲ್ಯೂಮಿನಿಯಂ ಕೊಳವೆ. ಪರ್ಯಾಯ ತಯಾರಕರು ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ಪುಷ್‌ರಾಡುಗಳನ್ನು ಮಾರುತ್ತಾರೆ. ಉಕ್ಕು ಬಾಗುವುದು ಕಡಮೆ. ಆದುದರಿಂದ ಅದೇ ಮೇಲೆಂದು ತೋರುವುದು ಸ್ವಾಭಾವಿಕ. ಆದರೆ ಮೂಲ ವಿನ್ಯಾಸಕಾರರು ಅಲ್ಯೂಮಿನಿಯಮನ್ನು ಆರಿಸಿದುದು ಅಗ್ಗವೆಂದಲ್ಲ. ಎಂಜಿನು ಬಿಸಿಯಾದಂತೆ ಅದರ ಒಡಲು ಹಿಗ್ಗಿ, ಕ್ಯಾಮಿಗೂ ರಾಕರಿಗೂ ನಡುವಣ ದೂರ ಹೆಚ್ಚುತ್ತದೆ. ಅಲ್ಯೂಮಿನಿಯಂ ಪುಷ್‌ರಾಡ್ ಜೊತೆಯಲ್ಲಿಯೇ ಉದ್ದವಾಗಿ ಎಡೆಯನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಉಕ್ಕು ಹಿಗ್ಗುವುದು ಅದರ ಸುಮಾರು ಅರ್ಧದಷ್ಟು ಮಾತ್ರ. 270 ಮಿಲಿಮೀಟರ್ ಉದ್ದದ ದಂಡವೊಂದರ ಉಷ್ಣತೆ 80 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಎರಡು ಲೋಹಗಳ ಹಿಗ್ಗುವಿಕೆಯಲ್ಲಿ ಸುಮಾರು 0.24 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಇದು ಕಾರ್ಖಾನೆ ವಿಧಿಸಿದ 0.15 ಮಿಲಿಮೀಟರ್ ಎಡೆಗಿಂತಲೂ ಹೆಚ್ಚು. ಆದುದರಿಂದಲೇ ಉಕ್ಕಿನ ಪುಷ್‌ರಾಡ್ ಹಾಕಿದವರು ತಣ್ಣಗಿರುವಾಗ ಎಡೆಯನ್ನು ಸೊನ್ನೆಗೆ ಸಮೀಪವಾಗಿ, ದಂಡ ಬೆರಳಿನಿಂದ ತಿರುಗುವಷ್ಟು ಮಾತ್ರ ಸಡಿಲವಾಗಿ ಇಡುತ್ತಾರೆ. ಹೊಸ ಭಾಗ ಬಂದಾಗ ಹಳೆಯ ಸಂಖ್ಯೆ ಅನ್ವಯಿಸದೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಸಾಧಾರಣ ಸ್ಪ್ರಿಂಗುಗಳಿರುವ ವ್ಯಾನಿಗೆ ಅಲ್ಯೂಮಿನಿಯಂ ಪುಷ್‌ರಾಡೇ ಸಾಕು.

(ಇ) ರಾಕರ್. ಮೂಲ ರಾಕರಿನ ಅನುಪಾತ 1.1ಕ್ಕೆ 1. ಪರ್ಯಾಯವಾಗಿ 1.25 ಮತ್ತು 1.4 ಅನುಪಾತದ ರಾಕರುಗಳು ದೊರೆಯುತ್ತವೆ. ಕ್ಯಾಮನ್ನು ಬದಲಾಯಿಸದೆಯೇ ಇವು ಕವಾಟವನ್ನು ಅನುಕ್ರಮವಾಗಿ ಶೇಕಡ ಸುಮಾರು 14 ಮತ್ತು 27ರಷ್ಟು ಹೆಚ್ಚಾಗಿ ತೆರೆಯುತ್ತವೆ. ಏತದ ನ್ಯಾಯದಂತೆ ಒಂದು ಕಡೆ ಗಳಿಸಿದುದನ್ನು ಇನ್ನೊಂದು ಕಡೆ ತೆರಬೇಕು: ಪುಷ್‌ರಾಡ್, ಟ್ಯಾಪೆಟ್, ಕ್ಯಾಮುಗಳ ಮೇಲಣ ಭಾರ ಅದೇ ಪ್ರಮಾಣದಲ್ಲಿ, ಸ್ಪ್ರಿಂಗು ಹೆಚ್ಚು ಅದುಮಲ್ಪಡುವುದರಿಂದ ಇನ್ನೂ ಸ್ವಲ್ಪ ಹೆಚ್ಚಾಗಿ ಏರುತ್ತದೆ.

ಎಡೆಯನ್ನು ಹೊಂದಿಸುವ ತಿರುಪಿನಲ್ಲಿಯೂ ಎರಡು ಬಗೆ. ಮೂಲ ತಿರುಪು ಕವಾಟದ ತುದಿಯನ್ನು ನಡುವಿಗೆ ತುಸು ಪಕ್ಕದಲ್ಲಿ ತಟ್ಟಿ ಕವಾಟವು ನಿಧಾನವಾಗಿ ತಿರುಗುವಂತೆ ಮಾಡುತ್ತದೆ. ಆನೆಯ ಪಾದವೆಂದು ದುರಸ್ತಿಗಾರರು ಕರೆಯುವ ಪರ್ಯಾಯ ತಿರುಪಿನ ತುದಿಯಲ್ಲಿ ಹೊರಳುವ ಗುಂಡೊಂದಿದ್ದು, ಅದರ ಚಪ್ಪಟೆ ಮುಖ ಕವಾಟದ ಮೇಲೆ ಅಗಲವಾಗಿ ಕೂರುತ್ತದೆ. ತುದಿಯ ಸವೆತ ಇದರಿಂದ ತಗ್ಗುತ್ತದೆ, ಅಳತೆ ಸುಲಭವಾಗುತ್ತದೆ. ಆದರೆ ಕವಾಟದ ತಿರುಗುವಿಕೆಯೂ ತಗ್ಗುತ್ತದೆ. ಎರಡರಲ್ಲಿಯೂ ಗುಣವಿದೆ, ದೋಷವಿದೆ.

(ಈ) ಸ್ಪ್ರಿಂಗು. ಓಟದ ಕಾರುಗಳಿಗಾಗಿ ಜೋಡಿ ಸ್ಪ್ರಿಂಗುಗಳಿವೆ. ಅತಿವೇಗದಲ್ಲಿ ಕವಾಟ ಹಿಂದೆ ಬೀಳದಂತೆ ತಡೆಯುವುದೇ ಅವುಗಳ ಪ್ರಯೋಜನ. ಸರಕು ಹೊತ್ತು ನಿಧಾನವಾಗಿ ಸಾಗುವ ವ್ಯಾನಿಗೆ ಅವು ಅನಗತ್ಯ; ಕ್ಯಾಮನ್ನು ಬೇಗ ಸವೆಸುವುದಷ್ಟೇ ಲಾಭ!

(ಉ) ಕವಾಟ. ಹೊಗೆಕವಾಟದ ತಲೆಗೆ ಶಾಖವನ್ನು ತಾಳುವ ಲೋಹ ಬೇಕು. ದಂಡಕ್ಕೆ ಸವೆಯದ ಗಡಸು ಲೋಹ ಬೇಕು. ಒಂದೇ ಉಕ್ಕಿನಲ್ಲಿ ಎರಡೂ ಗುಣಗಳು ದೊರೆಯುವುದು ಕಷ್ಟ. ಆದುದರಿಂದ ಎರಡು ಉಕ್ಕುಗಳನ್ನು ಬೆಸೆದು ಮಾಡಿದ ಕವಾಟಗಳು ಬಳಕೆಯಲ್ಲಿವೆ. ಪರ್ಯಾಯ ತಯಾರಕರು ಶೇಕಡ ಸುಮಾರು 21 ಕ್ರೋಮಿಯಂ ಮತ್ತು 4 ನಿಕ್ಕಲ್ ಇರುವ ಉಕ್ಕಿನಿಂದ ಅಖಂಡವಾದ ಕವಾಟಗಳನ್ನು ಮಾಡುತ್ತಾರೆ. ಬೆಸುಗೆಯೇ ಇಲ್ಲದಿರುವುದರಿಂದ ಬೆಸುಗೆ ಬಿಡುವ ಭಯ ಇಲ್ಲಿಲ್ಲ. ಆದರೆ ಈ ಉಕ್ಕನ್ನು ಕಾಯಿಸಿ ಹದಮಾಡಿ ಗಡಸುಗೊಳಿಸಲಾಗದು. ರಾಕರ್ ತಟ್ಟುವ ತುದಿಗೆ ಗಡಸು ಲೋಹದ ಲೇಪವಾಗಲಿ ಟೋಪಿಯಾಗಲಿ ಇಲ್ಲದಿದ್ದರೆ ಅದು ಬೇಗ ಅಣಬೆಯಂತೆ ಹರಡುತ್ತದೆ. ಮೂರನೆಯ ಬಗೆಯೊಂದುಂಟು. ಈ ಸಂಸ್ಥೆಯ ದೊಡ್ಡದಾದ ಟೈಪ್ 4 ವರ್ಗದ ಕೆಲವು ಎಂಜಿನುಗಳಲ್ಲಿ ಟೊಳ್ಳು ದಂಡದೊಳಗೆ ಸೋಡಿಯಂ ತುಂಬಿದ ಕವಾಟಗಳಿದ್ದುವು. ಸೋಡಿಯಂ 98 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿ, ದಂಡದೊಳಗೆ ಕುಲುಕಾಡುತ್ತ ತಲೆಯ ಶಾಖವನ್ನು ಮೇಲಕ್ಕೆ ಸಾಗಿಸುತ್ತದೆ. ಇಂತಹ ಹಳೆಯ ಕವಾಟವನ್ನು ಕುತೂಹಲಕ್ಕಾಗಿ ಕೊಯ್ಯುವುದು ಅಪಾಯ; ಸೋಡಿಯಂ ನೀರಿನ ಸೋಂಕಿಗೆ ಉಗ್ರವಾಗಿ ಸಿಡಿಯುತ್ತದೆ.

5. ಪರೀಕ್ಷೆಯ ವಿಧಾನ

ಗಂಗರ ಆದಿಕಾಲದವೆನ್ನಲಾದ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ಸಾಧಿಸಿದುದನ್ನೂ ರೈಸ್ ಅದನ್ನು ಒಪ್ಪದಿದ್ದುದನ್ನೂ ನಮ್ಮ ವಿದ್ಯಾರ್ಥಿಗಳು ಬಲ್ಲರು. ಆ ವಾದದಿಂದ ನಾವು ಕಲಿತುದು ಒಂದು ಕ್ರಮವನ್ನು: ಶಾಸನವು ತನ್ನನ್ನು ಕುರಿತು ಹೇಳಿಕೊಳ್ಳುವುದನ್ನು ಬದಿಗಿಟ್ಟು ಲಿಪಿ, ಭಾಷೆ, ಕಾಲಗಣನೆಗಳನ್ನು ಒಂದೊಂದಾಗಿ ಪರೀಕ್ಷಿಸುವುದು. ಬಿಡಿಭಾಗಕ್ಕೂ ಇದೇ ಕ್ರಮ ಸಲ್ಲುತ್ತದೆ. ಪೆಟ್ಟಿಗೆ, ಮುದ್ರೆ, ಬೆಲೆ ಇವು ವಸ್ತುವು ತನ್ನನ್ನು ಕುರಿತು ಹೇಳಿಕೊಳ್ಳುವ ಮಾತುಗಳು. ಲೋಹ, ಆಕಾರ, ಅಳತೆ ಇವು ಅದರ ಲಿಪಿ.

ಹೆಚ್ಚಿನ ಉಪಕರಣಗಳಿಲ್ಲದೆಯೂ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಎರಡು ಹೊಸ ಟ್ಯಾಪೆಟ್ಟುಗಳ ಮುಖಗಳನ್ನು ಒಂದರ ಮೇಲೊಂದಿಟ್ಟು ಅಂಚನ್ನು ಒತ್ತಿದರೆ ತುಸುವೇ ತೊನೆದಾಡಬೇಕು. ಅಲುಗದೆ ಕೂತರೆ ಮುಖ ಸಪಾಟಾಗಿದೆಯೆಂದರ್ಥ. ಹೊಗೆಕವಾಟಕ್ಕೆ ಅಯಸ್ಕಾಂತವನ್ನು ಹಿಡಿದು ನೋಡಬಹುದು: ದಂಡ ಅಂಟಿ ತಲೆ ಅಂಟದಿದ್ದರೆ ಅದು ಎರಡು ಉಕ್ಕುಗಳ ಬೆಸುಗೆ, ಎಲ್ಲಿಯೂ ಅಂಟದಿದ್ದರೆ ಶಾಖ ತಾಳುವ ಉಕ್ಕಿನ ಅಖಂಡ ಕವಾಟ, ತಲೆಯೂ ಬಲವಾಗಿ ಅಂಟಿಕೊಂಡರೆ ಸಂಶಯಪಡಲು ಕಾರಣವುಂಟು. ದಂಡದ ದಪ್ಪವನ್ನು ಮೈಕ್ರೋಮೀಟರಿನಿಂದ ಮೂರು ಕಡೆ ಅಳೆದು ಒಂದೇ ಆಗಿದೆಯೇ ನೋಡಬೇಕು. ಎಂಟು ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿದರೆ ಎತ್ತರ ಒಂದೇ ಇರಬೇಕು. ಹಾಗೂ ಹಳೆಯ ಭಾಗವನ್ನು ಎಸೆಯಬಾರದು. ಹೊಸದನ್ನು ಹೋಲಿಸಿ ನೋಡಲು ನಮ್ಮಲ್ಲಿರುವ ಮೂಲಪ್ರತಿ ಅದೊಂದೇ.

ಈ ಪರೀಕ್ಷೆಗಳಲ್ಲಿ ಗೆದ್ದ ಭಾಗ ನಿಶ್ಚಯವಾಗಿಯೂ ಉತ್ತಮವೆಂದು ಹೇಳಲಾಗದು, ಏಕೆಂದರೆ ಗಡಸುತನದ ಆಳವನ್ನು ಕಣ್ಣು ಕಾಣದು. ಆದರೆ ಸೋತ ಭಾಗ ನಿಶ್ಚಯವಾಗಿಯೂ ತ್ಯಾಜ್ಯ. ಇತಿಹಾಸದಲ್ಲಿಯೂ ನಮಗೆ ದೊರೆಯುವ ನಿಶ್ಚಯ ಬಹುಮಟ್ಟಿಗೆ ಈ ಬಗೆಯದೇ.

6. ಉಪಸಂಹಾರ

ಮೇಲಣ ವಿವೇಚನೆಯಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಬಲವಾದುದೆಲ್ಲವೂ ಉತ್ತಮವಲ್ಲ; ಶ್ರೇಣಿಯಲ್ಲಿ ಒಂದನ್ನು ಬದಲಾಯಿಸಿದರೆ ಉಳಿದವೆಲ್ಲವೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಹಳೆಯ ವ್ಯಾನಿಗೆ ತಕ್ಕುದು ಮೂಲದ ಆಕಾರವೂ ಒಳ್ಳೆಯ ಲೋಹವೂ ಕೂಡಿದ ಭಾಗ. ಎರಡನೆಯದಾಗಿ, ಮೂಲ, ಪರ್ಯಾಯ ಎಂಬ ಭೇದವು ಗುಣದ ಭೇದವಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಯಂತ್ರವನ್ನು ಬದುಕಿಸುವವರು ಪರ್ಯಾಯ ತಯಾರಕರೇ. ಅವರಲ್ಲಿ ಪ್ರಾಮಾಣಿಕರನ್ನು ಗುರುತಿಸುವ ಹೊಣೆ ಕೊಳ್ಳುವವನದು.

ನಮ್ಮ ದೇಶದ ಹಳೆಯ ವ್ಯಾನುಗಳ, ಅವುಗಳ ಬಿಡಿಭಾಗಗಳ ಚರಿತ್ರೆ ಬಹುಪಾಲು ಮೇಸ್ತ್ರಿಗಳ ನೆನಪಿನಲ್ಲಿದೆ. ಯಾವ ಮಾಲು ಎಲ್ಲಿಂದ ಬರುತ್ತಿತ್ತು, ಯಾವುದು ಬಾಳಿತು, ಯಾವುದು ಬಾಳಲಿಲ್ಲ ಎಂಬುದನ್ನು ಬಲ್ಲ ಹಿರಿಯರು ವಯಸ್ಸಾಗಿ ಅಂಗಡಿ ಮುಚ್ಚುತ್ತಿದ್ದಾರೆ. ನಮ್ಮ ವ್ಯಾನಿನ ಮುರಿದ ರಾಕರನ್ನು ನಾವು ವಿಭಾಗದ ಕಪಾಟಿನಲ್ಲಿ ಇರಿಸಿದ್ದೇವೆ. ವಿದ್ಯಾರ್ಥಿಗಳು ಅದನ್ನು ನೋಡಿ, ತಮ್ಮ ತಮ್ಮ ಊರಿನ ಒಬ್ಬ ಮೇಸ್ತ್ರಿಯ ಬಳಿ ಕುಳಿತು ಅವನು ಹೇಳುವುದನ್ನು ಬರೆದುಕೊಂಡು ಬಂದರೆ ಈ ಲೇಖನದ ಉದ್ದೇಶ ಸಫಲವಾದಂತೆ.